ಫೋನಿನಲ್ಲಿ ಮರ್ಯಾದೆ ಬೇಡ ಮಾರಾಯ್ರೆ

ಉಡುಪಿ ಪೇಟೆಗೆ ದಿನಾ ಚೀಲ ಹಿಡಿದು ಬರುವ ಎಲ್ಲರಿಗೆ,

ನನ್ನ ಹೆಸರು ಗೊತ್ತಿಲ್ಲದಿದ್ದರೂ ಮುಖ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. 33 ವರ್ಷ ಬ್ಯಾಂಕಿನ ಕೌಂಟರಿನಾಚೆ ಕೂತು ನಿಮ್ಮ ಚಲನ್ ತೆಗೆದುಕೊಂಡವಳು, ನೋಟು ಎಣಿಸಿ ಕೊಟ್ಟವಳು, "ಸಹಿ ಸರಿ ಬರ್ಲಿಲ್ಲ, ಇನ್ನೊಮ್ಮೆ ಹಾಕಿ" ಎಂದು ನಿಮ್ಮ ತಾಳ್ಮೆ ಪರೀಕ್ಷಿಸಿದವಳು. ಈಗ ನಿವೃತ್ತಿಯಾಗಿ ನಿಮ್ಮ ಹಾಗೆಯೇ ಬಸಳೆಯ ಕಟ್ಟಿಗೆ ಚೌಕಾಸಿ ಮಾಡುತ್ತೇನೆ.

ಹೋದ ತಿಂಗಳು ತರಕಾರಿ ಅಂಗಡಿಯಲ್ಲಿ ಮಟ್ಟು ಗುಳ್ಳ ಆರಿಸುತ್ತಿದ್ದೆ. ಪಕ್ಕದಲ್ಲಿ ಒಬ್ಬ ನಿವೃತ್ತ ಮಾಷ್ಟ್ರು, ನನಗಿಂತ ಏಳೆಂಟು ವರ್ಷ ಹಿರಿಯರು. ಅವರಿಗೆ ಫೋನು ಬಂತು. ಚೀಲ ಕೆಳಗಿಟ್ಟು ಬದಿಗೆ ಸರಿದು ಬೆನ್ನು ನೆಟ್ಟಗೆ ಮಾಡಿಕೊಂಡು "ಹೌದು ಸರ್, ಹೇಳಿ ಸರ್" ಎಂದರು. ಅಂಗಡಿಯವಳು ನನ್ನ ಗುಳ್ಳ ತೂಗಿ ಮುಗಿಸಿದರೂ ಅವರ "ಹೌದು ಸರ್" ಮುಗಿಯಲಿಲ್ಲ. ಆಮೇಲೆ ಕಿಸೆಯಿಂದ ಎಟಿಎಂ ಕಾರ್ಡು ತೆಗೆದು ಹಿಂಬದಿ ತಿರುಗಿಸಿ ಕನ್ನಡಕ ಸರಿ ಮಾಡಿಕೊಂಡರು. ನನಗೆ ಅಷ್ಟೇ ಸಾಕಾಯಿತು. ಹೋಗಿ ಅವರ ಕೈಯಿಂದ ಫೋನು ಕಸಿದು ಕೆಂಪು ಗುಂಡಿ ಒತ್ತಿದೆ. ಸಂತೆಯ ನಡುವೆ ಗುರುತಿಲ್ಲದ ಹೆಂಗಸು ಹೀಗೆ ಮಾಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅವರಿಗೂ ಬಂತು. ವಿಷಯ ತಿಳಿದ ಮೇಲೂ ಅವರು ಹೇಳಿದ್ದು ಇಷ್ಟೇ: "ಅಲ್ಲ ಅಮ್ಮ, ಅವ್ರು ಎಷ್ಟು ಮರ್ಯಾದೆಯಲ್ಲಿ ಮಾತಾಡ್ತಿದ್ರು. ನಡುವೆ ಕಟ್ ಮಾಡುದು ಹೇಗೆ?"

ಈ ಪತ್ರ ಬರೆಸಿದ್ದು ಆ ಮಾತು.

ಒಟಿಪಿ ಹೇಳಬೇಡಿ, ಪಿನ್ ಹೇಳಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಒಟಿಪಿ ಬರುವ ಸಂದೇಶದಲ್ಲೇ "ಯಾರಿಗೂ ಕೊಡಬೇಡಿ" ಎಂದಿರುತ್ತದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕರಲ್ಲೂ ವ್ಯವಹಾರ ಮಾಡುವ ನನ್ನ ಅತ್ತಿಗೆಗೆ ಆ ಒಂದು ಸಾಲು ಓದಲು ಬರುವುದಿಲ್ಲ. ಅದು ಹಾಗಿರಲಿ. ಮಾಷ್ಟ್ರಿಗೆ ಇಂಗ್ಲಿಷ್ ಬರುತ್ತದೆ, ಒಟಿಪಿಯ ವಿಷಯವೂ ಗೊತ್ತು. ಗೊತ್ತಿದ್ದೂ ಕಾರ್ಡು ತಿರುಗಿಸಿದರಲ್ಲ, ಅದು ತಿಳಿವಳಿಕೆಯ ಕೊರತೆಯಿಂದಲ್ಲ. ಮಾತಾಡುತ್ತಿರುವವನ ಮುಖಕ್ಕೆ ಬಾಗಿಲು ಹಾಕುವುದು ನಮ್ಮ ಕಡೆಯವರಿಗೆ ಬರುವುದಿಲ್ಲ. ಬೇಡದ ಸಾಮಾನು ಮಾರಲು ಬಂದವನಿಗೂ ನೀರು-ಬೆಲ್ಲ ಕೊಟ್ಟು ಕಳಿಸಿದ ಮನೆಗಳು ನಮ್ಮವು.

ಬ್ಯಾಂಕಿನವರೆಂದರೆ ಇಲ್ಲಿ ಗೌರವ ಇನ್ನೊಂದು ಹಿಡಿ ಜಾಸ್ತಿ. ಯಾಕಿರಬಾರದು? 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಕಾರ್ಪೊರೇಷನ್ ಬ್ಯಾಂಕು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ನಮ್ಮ ಉಡುಪಿಯದೇ ಸಿಂಡಿಕೇಟ್, 1931ರಲ್ಲಿ ವಿಜಯಾ. ಎಲ್ಲವೂ ಆಗಿನ ಒಂದೇ ಜಿಲ್ಲೆಯ ಕೂಸುಗಳು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಉಳಿತಾಯ ಶುರು ಮಾಡಿದಾಗ ದಿನಕ್ಕೆ 2 ಆಣೆ ಕಟ್ಟಿದರೂ ಸಾಕಿತ್ತು. ಪಿಗ್ಮಿಯವನು ಮನೆ ಬಾಗಿಲಿಗೇ ಬರುತ್ತಿದ್ದ. ಅವನ ಮನೆ ಯಾವುದು, ಹೆಂಡತಿಯ ತವರು ಯಾವುದು ಎಲ್ಲ ಗೊತ್ತಿತ್ತು, ಒಂದು ದಿನ ಬಾರದಿದ್ದರೆ ಜ್ವರವೋ ಏನೋ ಎಂದು ಕೇಳುತ್ತಿದ್ದೆವು. ನಮಗೆ ಬ್ಯಾಂಕೆಂದರೆ ಒಂದು ಮುಖ. ಈಗ ಆ ಮುಖ ಹೋಗಿ ದನಿ ಮಾತ್ರ ಬಂದಿದೆ, ನಾವು ಮುಖಕ್ಕೆ ಕೊಡುತ್ತಿದ್ದ ಮರ್ಯಾದೆಯನ್ನು ದನಿಗೆ ಕೊಡುತ್ತಿದ್ದೇವೆ.

ಅದರ ಮೇಲೆ ಬ್ಯಾಂಕುಗಳ ಬೋರ್ಡೂ ಬದಲಾದವು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಆಫ್ ಬರೋಡಾ ಆಯಿತು, ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಐಎಫ್‌ಎಸ್‌ಸಿ ಬದಲು, ಚೆಕ್ಕು ಬದಲು, ಪಾಸ್‌ಬುಕ್ಕು ಬದಲು. ಏನೋ ಬದಲಾಗಬೇಕು ಎಂದು ಯಾರು ಹೇಳಿದರೂ ನಂಬುವ ಅಭ್ಯಾಸ ನಮಗೆ ಆಗಲೇ ಬಿತ್ತು. "ನಿಮ್ಮ ಖಾತೆ ಹೊಸ ಬ್ಯಾಂಕಿಗೆ ಸೇರಿಲ್ಲ, ಕಾರ್ಡಿನ ನಂಬ್ರ ಹೇಳಿ" ಎಂದು ಫೋನು ಬಂತೆಂದು ಕೌಂಟರಿಗೆ ಓಡಿ ಬಂದವರನ್ನು ನಾನೇ ಕಂಡಿದ್ದೇನೆ. ಓಡಿ ಬಂದವರು ಬಚಾವಾದರು.

ಈಗ ಸ್ವಲ್ಪ ಕೌಂಟರಿನ ಪಾಠ. ಹಳೆಯ ಕಾಲ ನೆನಪು ಮಾಡಿಕೊಳ್ಳಿ. ನಿಮ್ಮ ಖಾತೆಗೆ ಹಣ ಕಟ್ಟಲು ಯಾರು ಬಂದರೂ ನಾನು ತೆಗೆದುಕೊಳ್ಳುತ್ತಿದ್ದೆ. ಪಕ್ಕದ ಮನೆಯ ಹುಡುಗ ಚಲನ್ ತಂದರೂ ಸರಿ, ನಿಮ್ಮ ಸಹಿ ಬೇಕಿರಲಿಲ್ಲ. ಹಣ ತೆಗೆಯಲು ಬಂದಾಗ ಮಾತ್ರ ಮಾದರಿ ಸಹಿಯ ಜೊತೆ ಹೋಲಿಸಿ ನೋಡುತ್ತಿದ್ದೆ. ಮೊಬೈಲಿನಲ್ಲೂ ನಿಯಮ ಬದಲಾಗಿಲ್ಲ. ಯುಪಿಐ ಪಿನ್ ಎಂದರೆ ನಿಮ್ಮ ಸಹಿ. ಒಟಿಪಿ ಎಂದರೆ ಒಂದೇ ಸಲಕ್ಕೆ ನಡೆಯುವ ಸಹಿ. ಹಣ ಹೋಗುವಾಗ ಸಹಿ ಬೇಕು, ಬರುವಾಗ ಬೇಡ. ಬಾಕಿ ಎಷ್ಟಿದೆ ಎಂದು ನೋಡಲೂ ಪಿನ್ ಕೇಳುತ್ತದೆ, ಅದು ಬೇರೆ. "ನಿಮಗೆ ರಿಫಂಡ್ ಹಾಕ್ತೇವೆ, ಪಿನ್ ಒತ್ತಿ" ಎಂದವನು ವಿದ್‌ಡ್ರಾವಲ್ ಫಾರಮ್ಮಿಗೆ ನಿಮ್ಮ ಸಹಿ ಹಾಕಿಸಿಕೊಳ್ಳುತ್ತಿದ್ದಾನೆ. ಕ್ಯೂಆರ್ ಚೌಕವನ್ನು ನೀವು ಸ್ಕ್ಯಾನ್ ಮಾಡಿದರೆ ಹಣ ನಿಮ್ಮಿಂದ ಆಚೆ ಹೋಗುತ್ತದೆ. ಮೀನಿನವಳ ಬುಟ್ಟಿಯ ಪಕ್ಕ ಆ ಚೌಕ ಅಂಟಿಸಿದ್ದು ಯಾಕೆ ಹೇಳಿ? ನಿಮ್ಮಿಂದ ತೆಗೆದುಕೊಳ್ಳಲು, ನಿಮಗೆ ಕೊಡಲು ಅಲ್ಲ. ಹಳೆಯ ಮಂಚ ಮಾರಲು ಜಾಹೀರಾತು ಹಾಕಿದವರಿಗೆ "ನಾನು ಸೈನ್ಯದಲ್ಲಿದ್ದೇನೆ, ಅಡ್ವಾನ್ಸ್ ಕಳಿಸ್ತೇನೆ, ಸ್ಕ್ಯಾನ್ ಮಾಡಿ" ಎನ್ನುವವನ ಆಟವೂ ಇಷ್ಟೇ. ಈ ತರದ ಮೋಸ ಎಷ್ಟು ಹೆಚ್ಚಿತೆಂದರೆ, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳಿ ಕಳಿಸುವ ಕೋರಿಕೆಯ ಸೌಲಭ್ಯವನ್ನೇ ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರಿನಿಂದ ನಿಲ್ಲಿಸಿತು.

"ಆದ್ರೆ ಅವನಿಗೆ ನನ್ನ ಹೆಸರು ಗೊತ್ತುಂಟಲ್ಲ, ಕಾರ್ಡಿನ ಕೊನೆಯ ನಾಲ್ಕು ಅಂಕೆ ಗೊತ್ತುಂಟಲ್ಲ" ಎನ್ನುತ್ತೀರಿ. ಹೆಸರು ಗೊತ್ತಾಗುವುದು ದೊಡ್ಡ ವಿದ್ಯೆಯಲ್ಲ. ಆನ್‌ಲೈನಿನಲ್ಲಿ ತರಿಸಿದ ಸೀರೆಯ ಪೊಟ್ಟಣದ ಮೇಲೆ ನಿಮ್ಮ ಹೆಸರು, ವಿಳಾಸ, ಮೊಬೈಲು ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನು ಹಾಗೇ ಕಸದ ಬುಟ್ಟಿಗೆ ಹಾಕುತ್ತೀರಿ. ಬಟ್ಟೆ ಅಂಗಡಿಯ ಅದೃಷ್ಟ ಚೀಟಿಗೆ ಸಂಖ್ಯೆ ಬರೆಯುತ್ತೀರಿ. ಜೆರಾಕ್ಸಿನವನಲ್ಲಿ ಆಧಾರಿನ ಕೆಟ್ಟ ಪ್ರತಿ ಬಿಟ್ಟು ಬರುತ್ತೀರಿ. ಕಾರ್ಡಿನ ಕೊನೆಯ ನಾಲ್ಕು ಅಂಕೆ ಎಷ್ಟೋ ಬಿಲ್ಲಿನ ಮೇಲೆ ಇರುತ್ತದೆ. ಅದು ಗೊತ್ತಿದ್ದ ಮಾತ್ರಕ್ಕೆ ಅವನು ಬ್ಯಾಂಕಿನವನಲ್ಲ. ಬ್ಯಾಂಕಿನವನಾಗಿದ್ದರೆ ಉಳಿದ ಅಂಕೆ ನಿಮ್ಮಲ್ಲಿ ಕೇಳುವ ಕರ್ಮ ಅವನಿಗೇನು?

ತಪ್ಪಿ ನಿಮ್ಮ ಖಾತೆಗೆ ಹಣ ಹಾಕಿದೆ ಎನ್ನುವವರು ಇನ್ನೊಂದು ಜಾತಿ. ಮೊದಲು 20,000 ಜಮಾ ಆಯಿತೆಂದು ಒಂದು ಮೆಸೇಜು ಬರುತ್ತದೆ, ಹಿಂದೆಯೇ ಅಳುವ ದನಿ: "ಆಂಟಿ, 2,000 ಹಾಕುವಲ್ಲಿ ಒಂದು ಸೊನ್ನೆ ಜಾಸ್ತಿ ಒತ್ತಿದೆ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ." ಆ ಮೆಸೇಜು ಎಲ್ಲಿಂದ ಬಂತು ನೋಡಿ. ಬ್ಯಾಂಕಿನದು ಹತ್ತಂಕೆಯ ಮೊಬೈಲು ಸಂಖ್ಯೆಯಿಂದ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಗುರುತಿನಿಂದ ಬರುತ್ತದೆ, 2025ರಿಂದ ಅದರ ಕೊನೆಗೆ ಅಡ್ಡಗೆರೆ ಹಾಕಿ ಎಸ್ ಅಥವಾ ಟಿ ಎಂದಿರುತ್ತದೆ. ಪಿ ಇದ್ದರೆ ಜಾಹೀರಾತು. ಅದನ್ನೂ ನೆಚ್ಚಿ ಕೂರಬೇಡಿ, ಪಾಸ್‌ಬುಕ್ಕು ಎಂಟ್ರಿ ಮಾಡಿಸಿ ನೋಡಿ. ನಿಜವಾಗಿ ಬಂದಿದ್ದರೂ ನೀವು ತಿರುಗಿಸಿ ಹಾಕುವುದು ಬೇಡ, ಅವನು ಅವನ ಬ್ಯಾಂಕಿಗೆ ಅರ್ಜಿ ಕೊಡಲಿ.

ಇಷ್ಟೆಲ್ಲ ಹೇಳುವ ನಾನು ಸಿಕ್ಕಿಬಿದ್ದ ಕತೆ ಈಗ ಹೇಳಬೇಕು. ಹೇಳದೆ ಈ ಪತ್ರ ಮುಗಿಸಿದರೆ ಅದೂ ಒಂದು ಮೋಸವೇ.

ಅಷ್ಟಮಿಯ ಮುನ್ನಾದಿನ. ಉಂಡೆಗೆ ಹುಡಿ ಮಾಡುವಾಗ ಮಿಕ್ಸಿ ಗರ್ ಎಂದು ನಿಂತಿತು. ವಾರಂಟಿ ಇತ್ತು. ಕಂಪನಿಯ ಕಸ್ಟಮರ್ ಕೇರ್ ಸಂಖ್ಯೆಯನ್ನು ಮೊಬೈಲಿನಲ್ಲಿ ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡದ್ದನ್ನು ಒತ್ತಿದೆ. ಮೇಲೆ ಕಂಡದ್ದೇ ಸರಿಯಾದದ್ದು ಎಂದು ನಾನು ಯಾಕೆ ತಿಳಿದೆನೋ ದೇವರಿಗೇ ಗೊತ್ತು. ಆಚೆಯವನ ಕನ್ನಡ ಚೊಕ್ಕ. "ನಾಳೆಯೇ ಜನ ಕಳಿಸ್ತೇವೆ ಮೇಡಂ, ನೋಂದಣಿಗೆ 10 ರೂಪಾಯಿ ಅಷ್ಟೆ" ಎಂದ. ವಾಟ್ಸಾಪಿಗೆ ಒಂದು ಫಾರಂ ಬಂತು. ಅದು ಫಾರಂ ಅಲ್ಲ, ಎಪಿಕೆ ಫೈಲು, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಒಳಗೆ ಬರುವ ಆ್ಯಪು. ಒತ್ತಿದೆ. ಮೆಸೇಜು ಓದಲು ಅನುಮತಿ ಕೇಳಿತು, ಕೊಟ್ಟೆ. ಕಾರ್ಡಿನ ವಿವರ ಕೇಳಿತು, 10 ರೂಪಾಯಿಗಲ್ಲವೇ, ಅದನ್ನೂ ತುಂಬಿದೆ. ನಡುವೆ ಒಮ್ಮೆ ಹೊಟ್ಟೆಯೊಳಗೆ ಚುರ್ ಎಂದದ್ದು ನೆನಪಿದೆ. ಆದರೆ ಅವನು "ಅಷ್ಟಮಿಗೆ ಉಂಡೆ ಎಷ್ಟು ತರ ಮಾಡ್ತೀರಿ ಮೇಡಂ" ಎಂದು ಕೇಳುತ್ತಿದ್ದ. ನಾನು ಹೆಸರಿನ ಉಂಡೆ, ಎಳ್ಳುಂಡೆ ಎಂದು ಲೆಕ್ಕ ಹೇಳುತ್ತಿದ್ದೆ.

ಬ್ಯಾಂಕು ಕಳಿಸಿದ ಒಟಿಪಿ ನನ್ನ ಕಣ್ಣಿಗೆ ಬೀಳಲೇ ಇಲ್ಲ, ಆ ಆ್ಯಪೇ ಓದಿ ಅವನಿಗೆ ದಾಟಿಸುತ್ತಿತ್ತು. ರಾತ್ರಿ ಲೆಕ್ಕ ನೋಡಿದರೆ 19,999, ಆಮೇಲೆ 15,000, ಕೊನೆಗೆ 4,000. ಒಟ್ಟು 38,999 ರೂಪಾಯಿ.

ಆಮೇಲೆ ನಾನು ಮಾಡಿದ್ದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಯಾರಿಗೂ ಹೇಳಲಿಲ್ಲ. 33 ವರ್ಷ ಬ್ಯಾಂಕಿನಲ್ಲಿದ್ದವಳು ಮೋಸಹೋದೆ ಎಂದರೆ ಮಗಳು ಏನೆಂದಾಳು, ಹಳೆಯ ಸಹೋದ್ಯೋಗಿಗಳು ಎಷ್ಟು ನಕ್ಕಾರು? ಅಷ್ಟಮಿಯಂದು ರಥಬೀದಿಗೆ ಹೋಗಿ ಬಂದೆ, ಮನೆಗೆ ಬಂದವರಿಗೆ ಚಕ್ಕುಲಿ ಕೊಟ್ಟೆ, ಎರಡು ದಿನ ನಗುತ್ತಾ ಇದ್ದೆ. ಮೂರನೆಯ ದಿನ ತಡೆಯಲಾರದೆ ಮಗಳಿಗೆ ಹೇಳಿದೆ. ಅವಳು ಬೈಯಲಿಲ್ಲ, ಕೂಡಲೇ ಸಹಾಯವಾಣಿ 1930 ಒತ್ತಿದಳು. ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿ ಎಟಿಎಂನಿಂದ ಹೊರಗೆ ಬಂದಾಗಿತ್ತು. ಕೊನೆಯ 4,000 ಮಾತ್ರ ಎಲ್ಲೋ ಒಂದು ಖಾತೆಯಲ್ಲಿ ಸಿಕ್ಕಿಬಿದ್ದು ತಡೆಯಾಗಿತ್ತು, ತಿಂಗಳುಗಟ್ಟಲೆ ಕಾದ ಮೇಲೆ ವಾಪಸು ಬಂತು. ಅಂದರೆ ಕಳ್ಳ ಕೊಂಡುಹೋದದ್ದರಲ್ಲಿ ಎಷ್ಟು ಪಾಲು ಅವನ ಜಾಣತನದ್ದು, ಎಷ್ಟು ಪಾಲು ನನ್ನ ಮರ್ಯಾದೆಯದ್ದು ಎಂದು ನಾನು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಅದಕ್ಕೆ ಕೈಮುಗಿದು ಕೇಳುತ್ತೇನೆ, ಹಣ ಹೋಯಿತೆಂದು ಗೊತ್ತಾದ ಗಳಿಗೆಯಲ್ಲಿ ಯಾರು ಏನೆಂದಾರು ಎಂದು ಯೋಚಿಸಬೇಡಿ. 1930 ಕೇಂದ್ರ ಗೃಹ ಇಲಾಖೆಯ ಸಹಾಯವಾಣಿ. 2021ರಲ್ಲಿ ಶುರುವಾದಾಗ ಅದರ ಸಂಖ್ಯೆ 155260, ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ, ಆಮೇಲೆ ನಾಲ್ಕೇ ಅಂಕೆಗೆ ಇಳಿಸಿದರು. ಅಲ್ಲಿ ಹೇಳಿದ ಕೂಡಲೇ ಆ ಹಣ ಯಾವ ಬ್ಯಾಂಕಿಗೆ ಹೋಯಿತೋ ಆ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ, ಅಲ್ಲಿ ಇನ್ನೂ ಉಳಿದಿದ್ದರೆ ತಡೆಯುತ್ತಾರೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ಅಲ್ಲಿಗೂ ಬೆನ್ನಟ್ಟುತ್ತಾರೆ. ಕಳ್ಳನಿಗೂ ಇದು ಗೊತ್ತು, ಅದಕ್ಕೇ ಬಾಡಿಗೆಗೆ ಹಿಡಿದ ಖಾತೆಗಳಲ್ಲಿ ಹಣವನ್ನು ನಿಮಿಷಗಳಲ್ಲಿ ಓಡಿಸುತ್ತಾನೆ. ಫೋನು ಮಾಡುವಾಗ ಖಾತೆ ಸಂಖ್ಯೆ, ಮೊತ್ತ, ಹೊತ್ತು ಮತ್ತು ವ್ಯವಹಾರದ ಉಲ್ಲೇಖ ಸಂಖ್ಯೆ, ಯುಪಿಐ ಆದರೆ 12 ಅಂಕೆಯದು, ಕೈಯಲ್ಲಿರಲಿ. ಕಾರ್ಡಿನ ಹಿಂದಿರುವ ಸಂಖ್ಯೆಗೆ ಫೋನು ಮಾಡಿ ಕಾರ್ಡು ನಿಲ್ಲಿಸಿ. ನನ್ನ ಹಾಗೆ ಎಪಿಕೆ ಒತ್ತಿದ್ದರೆ ಮೊಬೈಲಿನ ಇಂಟರ್ನೆಟ್ ಆರಿಸಿ, ಬೇರೆಯವರ ಫೋನಿನಿಂದ ಮಾತಾಡಿ. ಆಮೇಲೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಠಾಣೆಗೆ ಹೋಗಿ ದೂರು ಬರೆದುಕೊಡಿ.

ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳಲ್ಲಿ ಒಂದು ಸುತ್ತೋಲೆ ಹೊರಡಿಸಿತ್ತು. ಅದರ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಯಾರೋ ಕದ್ದರು ಎಂದಿದ್ದು ನೀವು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮಗೆ ಸೊನ್ನೆ. 4ರಿಂದ 7 ದಿನವಾದರೆ ನಿಮಗೂ ಒಂದು ಮಿತಿಯ ಪಾಲು. ಒಟಿಪಿ, ಪಿನ್ ನೀವೇ ಕೊಟ್ಟಿದ್ದರೆ ಅದು ನಿಮ್ಮ ಅಜಾಗ್ರತೆ, ನಷ್ಟ ನಿಮ್ಮದು. ಜನ ಇಲ್ಲಿಗೇ ಕಿವಿ ಮುಚ್ಚಿಕೊಳ್ಳುತ್ತಾರೆ. ಮುಂದಿನ ಸಾಲೂ ಉಂಟು: ನೀವು ಬ್ಯಾಂಕಿಗೆ ತಿಳಿಸಿದ ಕ್ಷಣದಿಂದ ಆಚೆಗೆ ಹೋದ ಪ್ರತಿ ರೂಪಾಯಿ ಬ್ಯಾಂಕಿನ ಹೊರೆ. ಅಂದರೆ ತಪ್ಪು ನೂರಕ್ಕೆ ನೂರು ನಿಮ್ಮದೇ ಆದರೂ ಬೇಗ ಬಾಯಿ ಬಿಟ್ಟರೆ ಲಾಭ ನಿಮಗೇ. ತಿಳಿಸಿದ್ದಕ್ಕೆ ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಕೌಂಟರಿನಾಚೆ ಕೂತವರಿಗೆ ಎಷ್ಟು ಮರೆವು ಎಂದು ನನಗೆ ಚೆನ್ನಾಗಿ ಗೊತ್ತು. ಬ್ಯಾಂಕು ತಿಂಗಳಾದರೂ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, 14448ರಲ್ಲಿ ಮಾಹಿತಿ ಸಿಗುತ್ತದೆ.

ಆಚೆ ಕಡೆ ಕೂತವನು ಯಾರು? ಮೊದಲೆಲ್ಲ ಜಾರ್ಖಂಡಿನ ಜಾಮ್‌ತಾರಾ ಎನ್ನುತ್ತಿದ್ದರು. ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರರು ಕೊನೆಗಾಲದ ಹಲವು ವರ್ಷ ಕಳೆದು ಶಾಲೆ ನಡೆಸಿದ ಕರ್ಮಾಟಾಂಡ್ ಅದೇ ಜಿಲ್ಲೆಯಲ್ಲಿದೆ, ರೈಲು ನಿಲ್ದಾಣಕ್ಕೆ ಅವರ ಹೆಸರೇ. ಅಂಥ ಊರಿನ ಹೆಸರು ಇದಕ್ಕೆ ಅಂಟಿಕೊಂಡಿತಲ್ಲ ಎಂದು ಬೇಸರ. ಈಗ ಆ ಒಂದು ಊರಿನ ಮಾತಿಲ್ಲ. ಮ್ಯಾನ್ಮಾರ್, ಕಾಂಬೋಡಿಯಾಗಳ ಬೇಲಿಯೊಳಗೆ, ಕೆಲಸ ಕೊಡಿಸುತ್ತೇವೆಂದು ಕರೆದೊಯ್ದ ಭಾರತದ ಹುಡುಗರನ್ನೇ ಕೂಡಿಹಾಕಿ ಇದನ್ನು ಮಾಡಿಸುತ್ತಾರೆ. ಹಿಂದಿಯಲ್ಲಿ ಮಾತಾಡಿದರೆ ಕಳ್ಳ, ಕನ್ನಡದಲ್ಲಿ ಮಾತಾಡಿದರೆ ನಮ್ಮವ ಎಂಬ ಲೆಕ್ಕವನ್ನು ಹಾಗಾಗಿ ಬಿಟ್ಟುಬಿಡಿ. ನನ್ನನ್ನು ಮುಳುಗಿಸಿದ್ದು ಚೊಕ್ಕ ಕನ್ನಡ.

ಇನ್ನು ಕೆಲವರು ಕೆವೈಸಿ ಇವತ್ತು ಸಂಜೆಯೊಳಗೆ ಮಾಡದಿದ್ದರೆ ಖಾತೆ ಬಂದ್ ಎಂದು ಹೆದರಿಸುತ್ತಾರೆ. ನಮ್ಮಂಥ ಪಿಂಚಣಿಯವರ ಖಾತೆ ಸಾಮಾನ್ಯವಾಗಿ ಕಡಿಮೆ ಅಪಾಯದ ವರ್ಗದ್ದು, ಅದಕ್ಕೆ ಕೆವೈಸಿ 10 ವರ್ಷಕ್ಕೊಮ್ಮೆ. ಹೆಚ್ಚು ಅಪಾಯದ ವರ್ಗಕ್ಕೂ 2 ವರ್ಷಕ್ಕೊಮ್ಮೆ. ಸಂಜೆಯೊಳಗೆ ಎಂಬ ಗಡಿಬಿಡಿ ಆ ಕೆಲಸಕ್ಕೆ ಇಲ್ಲವೇ ಇಲ್ಲ. ಹೇಗೂ ಪೇಟೆಗೆ ಬರುತ್ತೀರಿ, ಶಾಖೆಗೆ ಹೋಗಿ ಕೇಳಿ. ಸ್ಟಾರು, 21 ಅಥವಾ 401, ಆಮೇಲೆ ಒಂದು ಮೊಬೈಲು ಸಂಖ್ಯೆ ಒತ್ತಿ ಎಂದು ಯಾರಾದರೂ ಹೇಳಿದರೆ ನಿಮಗೆ ಬರುವ ಕರೆಗಳನ್ನು ಅವನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಾನೆ ಎಂದು ತಿಳಿಯಿರಿ, ಪಾರ್ಸೆಲಿನ ಹುಡುಗ ಎಂದು ಹೇಳಿಕೊಂಡರೂ ಸರಿ. ಬ್ಯಾಂಕಿನವರ ನಿಜವಾದ ಕರೆಗಳಿಗೆ ಈಗ 1600ರಿಂದ ಶುರುವಾಗುವ ಸಂಖ್ಯೆ ಕೊಟ್ಟಿದ್ದಾರೆ. ಬ್ಯಾಂಕಿನ ವೆಬ್‌ಸೈಟಿನ ಹೆಸರು 2025ರ ಅಕ್ಟೋಬರ್ ಕೊನೆಯೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿತ್ತು. ಇದೆಲ್ಲ ಒಳ್ಳೆಯದೇ. ಆದರೆ ನಾನು ಸಂಖ್ಯೆ ನೋಡುತ್ತಾ ಕೂರುವುದಿಲ್ಲ. ಬ್ಯಾಂಕು ಎಂದ ಕೂಡಲೇ ಇಟ್ಟುಬಿಡುತ್ತೇನೆ, ಬೇಕಿದ್ದರೆ ಕಾರ್ಡಿನ ಹಿಂದಿನ ಸಂಖ್ಯೆಗೆ ನಾನೇ ಮಾಡುತ್ತೇನೆ.

ಇಡುವುದು ಹೇಗೆಂದು ನನಗೆ ಕಲಿಸಿದ್ದು ಮೀನು ಮಾರ್ಕೆಟಿನ ಒಬ್ಬ ಅಕ್ಕ. ಬುಟ್ಟಿಯ ಮುಂದೆ ಕೂತಿದ್ದಾಗ ಅವರಿಗೆ ಹಿಂದಿಯಲ್ಲಿ ಕರೆ ಬಂತು, ಕ್ರೆಡಿಟ್ ಕಾರ್ಡು ಬಂದ್ ಆಗುತ್ತದೆಯಂತೆ. ಅವರಲ್ಲಿ ಕ್ರೆಡಿಟ್ ಕಾರ್ಡೇ ಇಲ್ಲ. ಸ್ಪೀಕರಿಗೆ ಹಾಕಿ, ಒಂದು ಕೈಯಲ್ಲಿ ಕತ್ತಿ ಆಡಿಸುತ್ತಲೇ "ಈ ಏರ್ ಮಾರಾಯಾ? ಬೂತಾಯಿ ಬೋಡಾ, ಬಂಗುಡೆ ಬೋಡಾ?" ಎಂದರು. ಅವನು ಮೇಡಂ ಮೇಡಂ ಎನ್ನುತ್ತಲೇ ಇದ್ದ. ಇವರು ಕಿಲೋದ ರೇಟು ಹೇಳಿ, ಮೀನು ಕೊಯ್ದು ಕೊಡಬೇಕೋ ಇಡಿಯಾಗಿಯೋ ಎಂದು ತುಳುವಿನಲ್ಲೇ ಕೇಳಿ, ಉತ್ತರ ಬಾರದಿದ್ದಾಗ "ಗಿರಾಕಿ ಅಲ್ಲ" ಎಂದು ಫೋನಿಟ್ಟು ನನ್ನ ಬಂಗುಡೆ ತೂಗಿದರು. ಒಟ್ಟು ಅರ್ಧ ನಿಮಿಷ.

ಮಾಷ್ಟ್ರು ಮೊನ್ನೆ ಮತ್ತೆ ಸಿಕ್ಕಿದ್ದರು. ಅದೇ ದನಿ ಇನ್ನೊಮ್ಮೆ ಫೋನು ಮಾಡಿತಂತೆ. "ಕಟ್ ಮಾಡಿದ್ರಾ?" ಎಂದು ಕೇಳಿದೆ. "ಮಾಡಿದೆ ಅಮ್ಮ. ಸಾರಿ ಹೇಳಿ ಮಾಡಿದೆ" ಎಂದರು. ಅಷ್ಟಾದರೂ ಆಯಿತು.

ನನ್ನ ಮಿಕ್ಸಿ ಕಡೆಗೂ ಸರಿಯಾಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿಯವನು 150 ರೂಪಾಯಿ ತೆಗೆದುಕೊಂಡು ಕಾರ್ಬನ್ ಬ್ರಷ್ ಬದಲಿಸಿದ, ಮುಂದಿನ ಸಲ ಬೇಕಾಗುತ್ತದೆಂದು ತನ್ನ ಸಂಖ್ಯೆಯನ್ನು ಡಬ್ಬದ ಮೇಲೆ ಕೈಯಾರೆ ಬರೆದುಕೊಟ್ಟಿದ್ದಾನೆ.

ಇತಿ,
ನಿಮ್ಮ ಜೊತೆಯ ಗಿರಾಕಿ,
ಒಬ್ಬ ನಿವೃತ್ತ ಬ್ಯಾಂಕ್ ಕ್ಯಾಷಿಯರ್